ಆರನೇ ವಾರ ಎಂಬ ಎದುರಾಳಿ

ಸೋಮವಾರ ಬೆಳಿಗ್ಗೆ ಇಡೀ ಕುಟುಂಬದ ಹೆಸರಿಗೆ 70 ಅಂಕ ಜಮೆಯಾಗುತ್ತದೆ. ಅದಕ್ಕಾಗಿ ಯಾರೂ ಏನೂ ಮಾಡಿರುವುದಿಲ್ಲ. ಆಮೇಲೆ ದಿನಕ್ಕೊಬ್ಬರ ಹೆಸರಿನ ಚೀಟಿಯನ್ನು ಕಂಪ್ಯೂಟರು ಎತ್ತುತ್ತದೆ. ಹೆಸರು ಬಂದವರು ಹಿಂದಿನ ದಿನ ತಮ್ಮ ಗುರಿಯಷ್ಟು ಹೆಜ್ಜೆ ಹಾಕಿದ್ದರೆ ಅಂಕ ಹಾಗೇ ಉಳಿಯಿತು. ಹಾಕಿಲ್ಲವೋ, ಮನೆಮಂದಿಯ ಖಾತೆಯಿಂದ 10 ಅಂಕ ಹೋಯಿತು. ಅಪ್ಪ ನಿನ್ನೆ ಸಂಜೆಯೆಲ್ಲ ಟಿ.ವಿ. ಮುಂದೆ ಕೂತಿದ್ದರೆ ಪೆಟ್ಟು ಮಗಳಿಗೂ ಬೀಳುತ್ತದೆ, ಅಳಿಯನಿಗೂ ಬೀಳುತ್ತದೆ. ಯಾರ ಹೆಸರು ಬರುತ್ತದೋ ಮೊದಲೇ ತಿಳಿಯದ ಕಾರಣ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಇಷ್ಟೇ ಆಟ. ರಾಕ್ಷಸರಿಲ್ಲ, ಸಂಗೀತವಿಲ್ಲ, ಮಿನುಗುವ ಚಿತ್ರಗಳಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ನಡೆದುಬಂದಿರುವ ಹೃದ್ರೋಗ ಅಧ್ಯಯನಕ್ಕೆ ಸೇರಿದ 94 ಕುಟುಂಬಗಳ 200 ಜನ ವಯಸ್ಕರ ಮೇಲೆ ಇದನ್ನು ಪ್ರಯೋಗಿಸಲಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯ ಮಿತೇಶ್ ಪಟೇಲ್ ಮತ್ತು ಸಂಗಡಿಗರ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಟ ನಡೆದದ್ದು 12 ವಾರ. ಬರೀ ಹೆಜ್ಜೆ ಎಣಿಸಿಕೊಂಡ ಮನೆಗಳಲ್ಲಿ ಗುರಿ ಮುಟ್ಟಿದ ದಿನಗಳು ಶೇ 32. ಆಟವಾಡಿದ ಮನೆಗಳಲ್ಲಿ ಶೇ 53. ದಿನದ ಸರಾಸರಿ ನಡಿಗೆ ಒಂದು ಗುಂಪಿನಲ್ಲಿ 636 ಹೆಜ್ಜೆ ಏರಿದರೆ, ಇನ್ನೊಂದರಲ್ಲಿ 1,661. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆಟ ನಿಲ್ಲಿಸಿದ ಮೇಲಿನ 12 ವಾರಗಳಲ್ಲೂ ಆಡಿದ್ದ ಮನೆಯವರೇ ಮುಂದಿದ್ದರು.

ಇದರ ಪಕ್ಕದಲ್ಲಿ ಪೋಕೆಮಾನ್ ಗೋ ಇಟ್ಟು ನೋಡಬೇಕು. 2016ರ ಜುಲೈನಲ್ಲಿ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬಿಡುಗಡೆಯಾದ ಈ ಆಟದ ಹಿಂದಿದ್ದದ್ದು ನಿಯಾಂಟಿಕ್ ಕಂಪನಿ. ಅದರ ಆಗಿನ ಮುಖ್ಯಸ್ಥ ಜಾನ್ ಹ್ಯಾಂಕೆ, ಮುಂದೆ ಗೂಗಲ್ ಅರ್ತ್ ಆಗಿ ಬೆಳೆದ ನಕಾಶೆ ತಂತ್ರಾಂಶವನ್ನು ಕಟ್ಟಿದವರಲ್ಲೊಬ್ಬರು. ಆಟದ ಕೇಂದ್ರದಲ್ಲೇ ನಡಿಗೆಯಿತ್ತು. ಮೊಟ್ಟೆ ಸಿಕ್ಕರೆ ಸಾಲದು, ಅದು ಮರಿಯಾಗಬೇಕಾದರೆ 2, 5 ಅಥವಾ 10 ಕಿಲೋಮೀಟರ್ ನಡೆಯಬೇಕು. ಅಪರೂಪದ ಪ್ರಾಣಿ ಬೇಕಿದ್ದರೆ ಮನೆಯಿಂದ ಹೊರಬೀಳಬೇಕು. ಆ ಬೇಸಿಗೆಯಲ್ಲಿ ಅಮೆರಿಕದ ಪಾರ್ಕುಗಳು ಫೋನು ಹಿಡಿದ ಹುಡುಗರಿಂದ ತುಂಬಿಹೋದವು. ವೈದ್ಯರೂ ಖುಷಿಪಟ್ಟರು.

ಆ ಖುಷಿಗೆ ಆಧಾರವೂ ಇತ್ತು. ಮೈಕ್ರೋಸಾಫ್ಟ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಹೆಜ್ಜೆ ಎಣಿಸುವ ಕೈಪಟ್ಟಿ ಕಟ್ಟಿಕೊಂಡವರ ಅಂಕಿಅಂಶ ತೆಗೆದು ನೋಡಿದಾಗ, ಆಟಕ್ಕೆ ಮನಸೋತವರು 30 ದಿನಗಳ ಕಾಲ ದಿನಕ್ಕೆ ಸರಾಸರಿ 1,473 ಹೆಜ್ಜೆ ಹೆಚ್ಚು ನಡೆದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ಅಧ್ಯಯನ ಬಂತು. ಅದು ತಣ್ಣೀರೆರಚಿತು. 18ರಿಂದ 35 ವರ್ಷದ ಆಟಗಾರರು ಮೊದಲ ವಾರ ದಿನಕ್ಕೆ 955 ಹೆಜ್ಜೆ ಹೆಚ್ಚು ನಡೆದರು. ಆಮೇಲೆ ವಾರವಾರಕ್ಕೂ ಇಳಿಯುತ್ತ ಬಂದು, ಆರನೇ ವಾರದ ಹೊತ್ತಿಗೆ ಎಲ್ಲರೂ ಆಟಕ್ಕೆ ಮೊದಲು ಎಲ್ಲಿದ್ದರೋ ಅಲ್ಲಿಗೇ ಬಂದು ನಿಂತಿದ್ದರು. ಎರಡು ಅಧ್ಯಯನಗಳಲ್ಲಿ ಯಾವುದೂ ಸುಳ್ಳಲ್ಲ. ಒಂದು, ಕೈಪಟ್ಟಿ ಕೊಳ್ಳುವಷ್ಟು, ಆಟದ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವಷ್ಟು ಹುರುಪಿದ್ದವರನ್ನು ನೋಡಿತು, ಇನ್ನೊಂದು, ಎಲ್ಲರಂಥವರನ್ನು.

ಜನರನ್ನು ನಡೆಸುವ ಆಟ ಕಟ್ಟಲು ಹೊರಡುವ ತಂಡಕ್ಕೆ ಎದುರಾಳಿ ಬೇರೆ ಕಂಪನಿಯ ಆಟವಲ್ಲ, ಈ ಆರನೇ ವಾರ. ಹಾಗಂತ ಕೈಚೆಲ್ಲಿ ಕೂರುವಂತೆಯೂ ಇಲ್ಲ. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಹೇಳಿತು. ಮರುವರ್ಷ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರ ಲೆಕ್ಕದ ಪ್ರಕಾರ, ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೈಗೆ ಬೇಕಾದಷ್ಟು ಚಟುವಟಿಕೆ ಕೊಡುತ್ತಿಲ್ಲ. 2000ದಲ್ಲಿ ಈ ಪ್ರಮಾಣ ಶೇ 22ರ ಆಸುಪಾಸಿನಲ್ಲಿತ್ತು.

ಎಣಿಸುವ ಕೆಲಸದಿಂದ ಶುರು ಮಾಡೋಣ, ಅದು ಸುಲಭದ್ದು. ಎಲ್ಲ ಸ್ಮಾರ್ಟ್‌ಫೋನಿನೊಳಗೂ ಕೆಲವೇ ಮಿಲಿಮೀಟರ್ ಅಗಲದ ಅಕ್ಸೆಲೆರೋಮೀಟರ್ ಚಿಪ್ ಇರುತ್ತದೆ. ಅದರೊಳಗೆ ಸಿಲಿಕಾನಿನ ಸಣ್ಣ ತುಂಡೊಂದು ಸ್ಪ್ರಿಂಗುಗಳ ಮೇಲೆ ತೂಗಾಡುತ್ತದೆ. ಫೋನು ಅಲುಗಿದಾಗ ಆ ತುಂಡು ಜರುಗುತ್ತದೆ, ಜರುಗಿದ್ದು ವಿದ್ಯುತ್ ಸಂಕೇತವಾಗುತ್ತದೆ. ಮೇಜಿನ ಮೇಲೆ ಸುಮ್ಮನಿಟ್ಟ ಫೋನು ಗುರುತ್ವದ 9.8 ಎಂಬ ಅಂಕಿಯನ್ನಷ್ಟೇ ತೋರಿಸುತ್ತಿರುತ್ತದೆ. ನಡೆಯುವಾಗ ಹಿಮ್ಮಡಿ ನೆಲಕ್ಕೆ ಬಡಿದಾಗಲೆಲ್ಲ ಆ ಗೆರೆಯಲ್ಲೊಂದು ಉಬ್ಬು. ಸಾಮಾನ್ಯ ನಡಿಗೆಯಲ್ಲಿ ಸೆಕೆಂಡಿಗೆ ಎರಡರ ಹತ್ತಿರ ಉಬ್ಬು ಬರುತ್ತದೆ. ತಂತ್ರಾಂಶ ಮಾಡುವುದೇನೆಂದರೆ, ಗುರುತ್ವವನ್ನು ಕಳೆದು, ಪುಟ್ಟ ನಡುಕಗಳನ್ನು ಸೋಸಿ, ಒಂದೇ ಲಯದಲ್ಲಿ ಹಲವು ಉಬ್ಬು ಸಾಲಾಗಿ ಬಂದರೆ ಮಾತ್ರ ಅದನ್ನು ನಡಿಗೆಯೆಂದು ಒಪ್ಪಿಕೊಳ್ಳುವುದು. ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಇಟ್ಟು ನೀರಿನ ಬಾಟಲಿ ತೆಗೆದುಕೊಂಡರೆ ಲೆಕ್ಕಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

2013ರವರೆಗೆ ಈ ಕೆಲಸಕ್ಕೆ ಫೋನಿನ ಮುಖ್ಯ ಪ್ರೊಸೆಸರ್ ಇಡೀ ದಿನ ಎಚ್ಚರವಾಗಿರಬೇಕಿತ್ತು, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಆ ವರ್ಷ ಐಫೋನ್ 5ಎಸ್ ಚಲನೆಗೆಂದೇ ಪ್ರತ್ಯೇಕ ಚಿಪ್ ತಂದಿತು, ಆಂಡ್ರಾಯ್ಡ್ 4.4 ಹೆಜ್ಜೆ ಎಣಿಸುವ ಸೌಲಭ್ಯವನ್ನು ವ್ಯವಸ್ಥೆಯೊಳಗೇ ಸೇರಿಸಿತು. ಅಂದಿನಿಂದ ಹೆಜ್ಜೆಯ ಲೆಕ್ಕ ಬಹುಮಟ್ಟಿಗೆ ಪುಕ್ಕಟೆ.

ಪುಕ್ಕಟೆಯಾದರೂ ಮುಳ್ಳುಗಳಿವೆ. ಆಂಡ್ರಾಯ್ಡ್‌ನ ಎಣಿಕೆ ಫೋನು ಕೊನೆಯ ಬಾರಿ ಆನ್ ಆದಾಗಿನಿಂದ ಶುರುವಾಗುತ್ತದೆ, ಬೆಳಗಿನಿಂದಲ್ಲ. ಸಂಜೆ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸೊನ್ನೆ. ಇದನ್ನು ಮರೆತು ಕೋಡ್ ಬರೆದ ಹೊಸಬರ ಆ್ಯಪ್‌ನಲ್ಲಿ ಹೆಜ್ಜೆಗಳು ಮೈನಸ್‌ಗೆ ಇಳಿಯುವುದುಂಟು! ಆಂಡ್ರಾಯ್ಡ್ 10ರಿಂದ ಈಚೆಗೆ ಬಳಕೆದಾರರ ಅನುಮತಿ ಕೇಳದೆ ಹೆಜ್ಜೆ ಎಣಿಸುವಂತಿಲ್ಲ. ಕೆಲವು ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳ ಕತ್ತು ಹಿಸುಕುತ್ತವೆ. ಕೈಯಲ್ಲಿ ವಾಚು, ಜೇಬಿನಲ್ಲಿ ಫೋನು ಎರಡೂ ಇದ್ದರೆ ಒಂದೇ ನಡಿಗೆ ಎರಡು ಸಲ ಲೆಕ್ಕಕ್ಕೆ ಬಂದು 8,000 ಹೆಜ್ಜೆ 16,000 ಆಗುವ ಅಪಾಯವಿದೆ. ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿ ಆಫೀಸು ಮುಟ್ಟುವಷ್ಟರಲ್ಲಿ ಕೆಲವರ ಖಾತೆಗೆ ನಡೆಯದ ಹೆಜ್ಜೆಗಳೂ ಬಿದ್ದಿರುತ್ತವೆ. ಜಿಪಿಎಸ್ ಹಾಕಿ ವೇಗ ನೋಡಿದರೆ ಇದನ್ನು ಹಿಡಿಯಬಹುದು, ಆದರೆ ಜಿಪಿಎಸ್ ಬ್ಯಾಟರಿ ತಿನ್ನುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದ ತೊಡಕು ಬೇರೆಯಿದೆ. ಫೋನು ಎಣಿಸುವುದು ಫೋನಿನ ಹೆಜ್ಜೆಯನ್ನು, ಮನುಷ್ಯರದ್ದನ್ನಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 111 ದೇಶಗಳ ಏಳು ಲಕ್ಷಕ್ಕೂ ಮಿಕ್ಕಿದ ಜನರ ಫೋನುಗಳಿಂದ ಸಂಗ್ರಹಿಸಿದ ಲೆಕ್ಕದಲ್ಲಿ ಭಾರತೀಯರ ಸರಾಸರಿ ದಿನಕ್ಕೆ 4,297 ಹೆಜ್ಜೆ, ಹಾಂಕಾಂಗ್‌ನವರದ್ದು 6,880. ಭಾರತದ ಗಂಡಸರದ್ದು 4,606, ಹೆಂಗಸರದ್ದು 3,684. ಈ ಅಂತರವನ್ನು ಓದುವಾಗ ಚೂಡಿದಾರಕ್ಕೂ ಸೀರೆಗೂ ಜೇಬಿಲ್ಲ ಎಂಬುದನ್ನು ನೆನಪಿಡಬೇಕು. ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮಹಡಿಗೆ ಓಡಾಡುವ ಗೃಹಿಣಿಯ ಫೋನು ಫ್ರಿಜ್ಜಿನ ಮೇಲೆ ಚಾರ್ಜಿಗೆ ಕೂತಿರುತ್ತದೆ. ಆಟ ಮಾತ್ರ ಸಂಜೆ ಆಕೆಗೆ, ಇವತ್ತು ನೀವು ಏನೂ ನಡೆದಿಲ್ಲ ಎಂದು ಸಂದೇಶ ಕಳಿಸುತ್ತದೆ. ಅಂಥ ಆ್ಯಪನ್ನು ಆಕೆ ಅಳಿಸಿಹಾಕಿದರೆ ತಪ್ಪೇನು?

ಇನ್ನು ಗುರಿ. ದಿನಕ್ಕೆ 10,000 ಹೆಜ್ಜೆ ಎಂಬುದು ಎಷ್ಟು ಬೇರೂರಿದೆಯೆಂದರೆ ಬಹಳಷ್ಟು ಆ್ಯಪ್‌ಗಳು ಅದನ್ನೇ ಮೊದಲ ದಿನದ ಗುರಿಯಾಗಿ ಇಟ್ಟುಬಿಡುತ್ತವೆ. ಈ ಸಂಖ್ಯೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಮಾರುಕಟ್ಟೆಗೆ ತಂದ ಮಾನ್‌ಪೋ-ಕೇ ಎಂಬ ಹೆಜ್ಜೆಮಾಪಕದ ಹೆಸರಲ್ಲೇ ಈ ಹತ್ತು ಸಾವಿರ ಅಡಗಿತ್ತು. ಹಾರ್ವರ್ಡ್‌ನ ಐ-ಮಿನ್ ಲೀ 2019ರಲ್ಲಿ, ಸರಾಸರಿ 72 ವರ್ಷದ 16,741 ಮಹಿಳೆಯರ ಲೆಕ್ಕ ತೆಗೆದರು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 2025ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರೂ 7,000ದ ಹತ್ತಿರವೇ ಬಂದು ನಿಂತರು. ಆಟ ಕಟ್ಟುವವರಿಗೆ ಇದು ಸಿಹಿಸುದ್ದಿ. ದಿನಕ್ಕೆ 3,000 ಹೆಜ್ಜೆಯಲ್ಲಿರುವ ಗುಮಾಸ್ತರಿಗೆ 10,000 ತೋರಿಸಿದರೆ ಮೂರನೇ ದಿನಕ್ಕೇ ಸೋಲು. ಫ್ರೇಮಿಂಗ್‌ಹ್ಯಾಮ್ ಆಟದಲ್ಲಿ ಪ್ರತಿಯೊಬ್ಬರೂ ತಾವು ಈಗ ಎಷ್ಟು ನಡೆಯುತ್ತಾರೋ ಅದರ ಮೇಲೆ ಕನಿಷ್ಠ 1,000 ಸೇರಿಸಿ ಗುರಿ ಆರಿಸಿಕೊಳ್ಳುತ್ತಿದ್ದರು. ಅತ್ತೆಯ ಗುರಿ ಬೇರೆ, ಸೊಸೆಯ ಗುರಿ ಬೇರೆ. ಆದರೂ ಅಂಕದ ಖಾತೆ ಒಂದೇ.

ಬರೀ ಎಣಿಕೆಯೇ ಮದ್ದಾಗಬಹುದೆಂಬ ಆಸೆಯೂ ಒಂದು ಕಾಲಕ್ಕಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 470 ಜನರನ್ನು ಎರಡು ವರ್ಷ ನೋಡಿದಾಗ, ಕೈಪಟ್ಟಿ ಕಟ್ಟಿಕೊಂಡವರು ಇಳಿಸಿದ್ದು 3.5 ಕಿಲೋ, ಕಟ್ಟಿಕೊಳ್ಳದೆ ಅದೇ ಸಲಹೆ ಪಡೆದವರು ಇಳಿಸಿದ್ದು 5.9 ಕಿಲೋ. 2016ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ ಇನ್ನೊಂದು ಕಡೆಯಿಂದ ಇದೇ ಬಾಗಿಲು ತಟ್ಟಿದರು. ಇಷ್ಟಪಟ್ಟು ಮಾಡುವ ಕೆಲಸವನ್ನು ಅಳೆಯತೊಡಗಿದರೆ ಅದು ಹೆಚ್ಚು ನಡೆಯುತ್ತದೆ, ಆದರೆ ಅದರಲ್ಲಿನ ಸುಖ ಕಡಿಮೆಯಾಗುತ್ತದೆ, ಅಳತೆ ನಿಂತ ಮೇಲೆ ಕೆಲಸವೂ ಕುಗ್ಗುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು.

ಹಾಗಾದರೆ ದುಡ್ಡು ಕೊಟ್ಟರೆ? ನಡೆದದ್ದಕ್ಕೆ ನಾಣ್ಯ ಕೊಡುವ ಆ್ಯಪ್‌ಗಳಿಗೆ ಬರವಿಲ್ಲ. ಲಂಡನ್ನಿನಿಂದ ಸ್ವೆಟ್‌ಕಾಯಿನ್ ಬಂತು. 2019ರಲ್ಲಿ ಮುಂಬೈನಿಂದ ಸ್ಟೆಪ್‌ಸೆಟ್‌ಗೋ ಬಂತು. ಅದು ಮರುವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಆರೋಗ್ಯ ವಿಭಾಗದ ಬಹುಮಾನವನ್ನೂ ಪಡೆಯಿತು. ಸಿಂಗಪುರದಲ್ಲಿ ಸರ್ಕಾರವೇ 2015ರಿಂದ ರಾಷ್ಟ್ರೀಯ ಹೆಜ್ಜೆ ಸವಾಲು ನಡೆಸಿ, ಪುಕ್ಕಟೆ ಕೈಪಟ್ಟಿ ಹಂಚಿ, ಹೆಜ್ಜೆಗೆ ಬದಲಾಗಿ ಅಂಗಡಿಯ ವೋಚರ್ ಕೊಡುತ್ತ ಬಂದಿದೆ. ಈ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಏರಿ ಅಷ್ಟೇ ಜೋರಾಗಿ ಬಿದ್ದದ್ದು ಸ್ಟೆಪನ್. ಅದರಲ್ಲಿ ಮೊದಲು ಕ್ರಿಪ್ಟೋ ಹಣ ಕೊಟ್ಟು ಡಿಜಿಟಲ್ ಶೂ ಕೊಳ್ಳಬೇಕು, ಆಮೇಲೆ ನಡೆದು ಟೋಕನ್ ಗಳಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಜಿಎಂಟಿ ಟೋಕನ್ ನಾಲ್ಕು ಡಾಲರಿನ ಹತ್ತಿರ ಹೋಗಿತ್ತು. ಹಳಬರ ಗಳಿಕೆ ನಿಂತಿದ್ದದ್ದೇ ಹೊಸಬರು ಶೂ ಕೊಳ್ಳುವುದರ ಮೇಲೆ. ಕೊಳ್ಳುವವರು ಕಡಿಮೆಯಾದರು, ಚೀನಾದಲ್ಲಿ ಸೇವೆ ನಿಲ್ಲಿಸುವುದಾಗಿ ಕಂಪನಿ ಹೇಳಿತು, ಬೆಲೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಕಾಲಿಗೆ ವ್ಯಾಯಾಮವಾದದ್ದು ನಿಜ, ಕಿಸೆಗೂ ಆಯಿತು.

ದುಡ್ಡಿದ್ದಲ್ಲಿ ಕಳ್ಳಲೆಕ್ಕವೂ ಇರುತ್ತದೆ. ಫೋನನ್ನು ಎಡಕ್ಕೂ ಬಲಕ್ಕೂ ತೂಗಿ ಹೆಜ್ಜೆ ಹೆಚ್ಚಿಸುವ ಪುಟ್ಟ ಯಂತ್ರಗಳು ಚೀನಾದ ಆನ್‌ಲೈನ್ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತವೆ. ನಾಯಿಯ ಕೊರಳಿಗೆ ಕೈಪಟ್ಟಿ ಕಟ್ಟುವವರೂ ಇದ್ದಾರೆ. ಕಳ್ಳರನ್ನು ಹಿಡಿಯಲು ಕೋಡ್ ಬರೆಯುವುದರಲ್ಲೇ ತಂಡದ ಅರ್ಧ ಆಯುಷ್ಯ ಮುಗಿಯುತ್ತದೆ, ಪ್ರಾಮಾಣಿಕರು ಆ ಜಾಲದಲ್ಲಿ ಸಿಕ್ಕಿಬಿದ್ದು ಬೈಯುತ್ತಾರೆ.

ಆದರೂ ದುಡ್ಡು ಕೆಲಸಕ್ಕೆ ಬಾರದ್ದು ಎಂದುಬಿಡುವಂತಿಲ್ಲ. ಅದನ್ನು ಹೇಗೆ ಕೊಡುತ್ತಾರೆ ಎಂಬುದರಲ್ಲಿ ಗುಟ್ಟಿದೆ. ಪಟೇಲ್ ಅವರ ತಂಡವೇ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೂಕ ಹೆಚ್ಚಿದ್ದ 281 ಜನ ನೌಕರರಿಗೆ ದಿನಕ್ಕೆ 7,000 ಹೆಜ್ಜೆಯ ಗುರಿ ಕೊಟ್ಟು ನಾಲ್ಕು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಗುರಿ ಮುಟ್ಟಿದ ದಿನ 1.40 ಡಾಲರ್. ಇನ್ನೊಂದಕ್ಕೆ ಅಷ್ಟೇ ಮೌಲ್ಯದ ಲಾಟರಿ. ಮೂರನೆಯದಕ್ಕೆ ತಿಂಗಳ ಮೊದಲೇ 42 ಡಾಲರ್ ಜಮೆ, ತಪ್ಪಿದ ದಿನಕ್ಕೆ 1.40 ಕಡಿತ. ನಾಲ್ಕನೆಯದಕ್ಕೆ ಏನೂ ಇಲ್ಲ. ಏನೂ ಇಲ್ಲದವರು ಶೇ 30 ದಿನ ಗುರಿ ಮುಟ್ಟಿದರು. ಸಂಪಾದಿಸುವವರು 35, ಲಾಟರಿಯವರು 36. ಕಡಿತದ ಭಯವಿದ್ದವರು 45. ಹಣ ಅಷ್ಟೇ, ದಿಕ್ಕು ಮಾತ್ರ ತಿರುಗಿತ್ತು. ಚೌಕಾಬಾರದಲ್ಲಿ ಇನ್ನೇನು ಹಣ್ಣಾಗಬೇಕು ಅನ್ನುವಾಗ ಕಾಯಿ ಹೊಡೆಸಿಕೊಂಡವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರದ 70 ಅಂಕಗಳ ಹಿಂದೆ ಇರುವುದೂ ಇದೇ ಲೆಕ್ಕಾಚಾರ, ಅದರಲ್ಲಿ ದುಡ್ಡೂ ಬೇಕಾಗಲಿಲ್ಲ.

ಸೋಮವಾರವೇ ಏಕೆ ಎಂಬುದಕ್ಕೂ ಕಾರಣವಿದೆ. ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬದ ಮರುದಿನಗಳಲ್ಲಿ ಜನ ತಮ್ಮ ಹಳೆಯ ಸೋಲನ್ನು ಹಿಂದಿನ ಲೆಕ್ಕಕ್ಕೆ ಬರೆದು ಹೊಸದಾಗಿ ಹೊರಡುತ್ತಾರೆ ಎಂದು ಸಂಶೋಧಕರಾದ ಹೆಂಗ್ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಜಿಮ್ ಹಾಜರಿಯ ಅಂಕಿಅಂಶಗಳಿಂದಲೇ ತೋರಿಸಿದ್ದರು. ಯುಗಾದಿಗೆ ವಾಕಿಂಗ್ ಶುರು ಮಾಡುವ ನಮ್ಮವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಅನೇಕ ಆ್ಯಪ್‌ಗಳು ನೆಚ್ಚಿಕೊಂಡಿರುವುದು ಇದಕ್ಕೆ ವಿರುದ್ಧವಾದ ತಂತ್ರವನ್ನು, ಅಂದರೆ ಒಂದು ದಿನವೂ ತಪ್ಪದ ಸರಪಳಿಯನ್ನು. 40 ದಿನದ ಸರಪಳಿ ಜ್ವರ ಬಂದ ಒಂದೇ ದಿನಕ್ಕೆ ಕಡಿದರೆ, ಆಟಗಾರರು ಮತ್ತೆ ಒಂದರಿಂದ ಶುರು ಮಾಡುವ ಬದಲು ಆ್ಯಪನ್ನೇ ಬಿಡುತ್ತಾರೆ. ವಾರಕ್ಕೊಮ್ಮೆ ಎಲ್ಲರಿಗೂ ಹೊಸ ಹಾಳೆ ಕೊಡುವ ಆಟ ಹೆಚ್ಚು ಕರುಣೆಯದ್ದು, ಹೆಚ್ಚು ಜಾಣತನದ್ದು ಕೂಡ.

ಅಂಕವನ್ನೂ ದುಡ್ಡನ್ನೂ ಬದಿಗಿಟ್ಟು ಕಥೆಯನ್ನು ನಂಬಿದ ಆಟ ಜಾಂಬೀಸ್, ರನ್! ಲಂಡನ್ನಿನ ಸಿಕ್ಸ್ ಟು ಸ್ಟಾರ್ಟ್ ಎಂಬ ಪುಟ್ಟ ಸಂಸ್ಥೆ, ಕಾದಂಬರಿಗಾರ್ತಿ ನವೋಮಿ ಆಲ್ಡರ್ಮನ್ ಜೊತೆ ಸೇರಿ ಇದನ್ನು ರೂಪಿಸಿತು. 2011ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ 72 ಸಾವಿರ ಡಾಲರಿಗೂ ಹೆಚ್ಚು ಎತ್ತಿ, 2012ರ ಆರಂಭದಲ್ಲಿ ಬಿಡುಗಡೆ ಮಾಡಿದರು. ಆಡುವವರು ಕಿವಿಗೆ ಇಯರ್‌ಫೋನ್ ಹಾಕಿ, ಫೋನನ್ನು ಜೇಬಿಗಿಟ್ಟು ಹೊರಡುತ್ತಾರೆ. ಲೋಕವೆಲ್ಲ ಜೀವಂತ ಹೆಣಗಳ ಪಾಲಾಗಿದೆ. ಉಳಿದವರ ಸಣ್ಣ ನೆಲೆಯೊಂದಕ್ಕೆ ಆಟಗಾರರು ಐದನೇ ನಂಬರಿನ ಓಟಗಾರ. ರೇಡಿಯೋದಲ್ಲಿ ಗೆಳೆಯನ ದನಿ ದಾರಿ ಹೇಳುತ್ತದೆ, ನಡುನಡುವೆ ಅವರದೇ ಮೊಬೈಲಿನ ಹಾಡುಗಳು. ದಾರಿಯಲ್ಲಿ ಔಷಧಿ, ಬ್ಯಾಟರಿ, ಟಿನ್ ಆಹಾರ ಸಿಕ್ಕಿತೆಂದು ಆಟ ಹೇಳುತ್ತದೆ, ಮನೆಗೆ ಬಂದ ಮೇಲೆ ಅದರಿಂದ ನೆಲೆಯನ್ನು ಕಟ್ಟಬಹುದು. ಇದ್ದಕ್ಕಿದ್ದಂತೆ ಬೆನ್ನ ಹಿಂದೆ ಉಬ್ಬಸದ ಸದ್ದು ಹತ್ತಿರವಾಗುತ್ತದೆ. ವೇಗ ಹೆಚ್ಚಿಸದಿದ್ದರೆ ಸಂಪಾದಿಸಿದ್ದು ಹೋಯಿತು. ನಡೆಯುವವರೂ ಆಡಬಹುದು, ಕಾಲು ಚುರುಕಾದರೆ ಸಾಕು.

ಇದರಲ್ಲಿ ಎರಡು ಜಾಣತನಗಳಿವೆ. ಮೊದಲನೆಯದು, ಕಥೆ ಮುಗಿಯುವುದಿಲ್ಲ. ಮುಂದೇನಾಯಿತು ಎಂಬ ಕುತೂಹಲಕ್ಕೆ ನಾಳೆಯೂ ಶೂ ಹಾಕಬೇಕು. ಎರಡನೆಯದು, ಕಣ್ಣು ಬಿಡುವಾಗಿರುತ್ತದೆ. ಪೋಕೆಮಾನ್ ಗೋ ಬಂದಾಗ ಇಂಡಿಯಾನಾ ರಾಜ್ಯದ ಟಿಪ್ಪಕನೂ ಜಿಲ್ಲೆಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಪೊಲೀಸರ ಅಪಘಾತ ವರದಿಗಳನ್ನು ತೆಗೆದು ನೋಡಿದ್ದರು. ಆಟಗಾರರು ಹೋಗಿ ಮುಟ್ಟಬೇಕಾದ ಆಟದ ನಿಲ್ದಾಣಗಳ ಹತ್ತಿರ ವಾಹನ ಅಪಘಾತಗಳು ಬೇರೆಡೆಗಿಂತ ಎದ್ದುಕಾಣುವಷ್ಟು ಹೆಚ್ಚಿದ್ದವು. ಕಿವಿಗೆ ಕಟ್ಟಿದ ಆಟದಲ್ಲಿ ಆ ಅಪಾಯ ಕಡಿಮೆ, ಖರ್ಚೂ ಕಡಿಮೆ. ಮೂರು ಆಯಾಮದ ಚಿತ್ರ ಬಿಡಿಸುವ ತಂಡ ಬೇಡ; ಒಳ್ಳೆಯ ಬರಹಗಾರ, ನಾಲ್ಕು ದನಿ, ಒಂದು ಸ್ಟುಡಿಯೋ ಸಾಕು. ಆಕಾಶವಾಣಿ ನಾಟಕಗಳಿಗೆ ರಾತ್ರಿಯೂಟ ಮುಂದೂಡುತ್ತಿದ್ದ ತಲೆಮಾರು ಇನ್ನೂ ವಾಕಿಂಗ್ ಹೋಗುತ್ತಿದೆ. ಕನ್ನಡದಲ್ಲಿ ಇಂಥದ್ದನ್ನು ಮಾಡಹೊರಟವರು ನಿಯಾಂಟಿಕ್ ಕಡೆ ನೋಡುವ ಬದಲು ಈ ಕಡೆ ನೋಡುವುದು ಲೇಸು.

ಸಿಕ್ಸ್ ಟು ಸ್ಟಾರ್ಟ್‌ನ ಮುಖ್ಯಸ್ಥರಾಗಿದ್ದ ಏಡ್ರಿಯನ್ ಹಾನ್ 2022ರಲ್ಲಿ ಒಂದು ಪುಸ್ತಕ ಬರೆದರು. ಆಟದ ತಂತ್ರಗಳನ್ನು ಕಂಪನಿಗಳು, ಆಫೀಸುಗಳು, ಶಾಲೆಗಳು ಜನರನ್ನು ಕುಣಿಸಲು ಹೇಗೆ ಬಳಸುತ್ತಿವೆ ಎಂಬುದರ ಮೇಲಿನ ಟೀಕೆ ಅದು. ಅಂಕ, ಪದಕ, ಪಟ್ಟಿ ಅಂಟಿಸಿದ ಮಾತ್ರಕ್ಕೆ ಬೇಸರದ ಕೆಲಸ ಆಟವಾಗುವುದಿಲ್ಲ ಎಂಬ ಮಾತು ಸ್ವತಃ ಗೆದ್ದ ಆಟವೊಂದನ್ನು ಕಟ್ಟಿದವರಿಂದ ಬಂದದ್ದರಿಂದ ಅದಕ್ಕೆ ತೂಕ ಹೆಚ್ಚು.

ಆರನೇ ವಾರವನ್ನು ದಾಟಿಸುವ ಮೂರನೆಯ ಶಕ್ತಿ ಪಕ್ಕದ ಮನುಷ್ಯ. 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪಟೇಲ್ ತಂಡ ಒಂದು ದೊಡ್ಡ ಸಲಹಾ ಸಂಸ್ಥೆಯ, ಅಮೆರಿಕದ 40 ರಾಜ್ಯಗಳಲ್ಲಿ ಹರಡಿದ್ದ 602 ನೌಕರರ ಮೇಲೆ ಅದೇ ಸೋಮವಾರದ ಆಟವನ್ನು ಮೂರು ಬಗೆಯಲ್ಲಿ ಆಡಿಸಿತು. ಒಂದರಲ್ಲಿ ಮನೆಯವರೋ ಗೆಳೆಯರೋ ವಾರವಾರ ವರದಿ ಪಡೆದು ಬೆನ್ನುತಟ್ಟುತ್ತಿದ್ದರು. ಇನ್ನೊಂದರಲ್ಲಿ ಮೂವರು ಒಂದು ತಂಡವಾಗಿ ಅಂಕ ಹಂಚಿಕೊಳ್ಳುತ್ತಿದ್ದರು. ಮತ್ತೊಂದರಲ್ಲಿ ಮೂವರ ನಡುವೆ ಪೈಪೋಟಿ. 24 ವಾರಗಳಲ್ಲಿ ಮೂರೂ ಗೆದ್ದವು, ಪೈಪೋಟಿಯವರು ದಿನಕ್ಕೆ 920 ಹೆಜ್ಜೆಗಳಿಂದ ಎಲ್ಲರಿಗಿಂತ ಮುಂದೆ. ಆಟ ನಿಲ್ಲಿಸಿ 12 ವಾರ ಕಾದಾಗ ಪೈಪೋಟಿಯವರಲ್ಲಿ ಮಾತ್ರ ಲಾಭ ಗಟ್ಟಿಯಾಗಿ ಉಳಿದಿತ್ತು. ತಂಡವಾಗಿ ಆಡಿದವರದ್ದು ಹೇಳಿಕೊಳ್ಳುವಂತಿರಲಿಲ್ಲ. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಗೆದ್ದಿದ್ದ ಹಂಚಿಕೆಯ ಆಟವೇ ಇಲ್ಲಿ ಬಾಳದೆ ಹೋದದ್ದೇಕೆ? ದೂರದ ಊರಿನ ಸಹೋದ್ಯೋಗಿಗೆ 10 ಅಂಕ ತಪ್ಪಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಮನೆಯಲ್ಲಿ ತಪ್ಪಿಸಿದರೆ ರಾತ್ರಿ ಊಟಕ್ಕೆ ಕೂತಾಗ ಉತ್ತರ ಕೊಡಬೇಕಾಗುತ್ತದೆ. ಕಾರಣ ಇದೇ ಇರಬೇಕು.

ನಿಯಾಂಟಿಕ್ ಕೂಡ ಇದನ್ನು ತಡವಾಗಿ ಕಲಿಯಿತು. 2017ರಲ್ಲಿ ಒಬ್ಬೊಬ್ಬರೇ ಗೆಲ್ಲಲಾಗದ, ಹತ್ತಾರು ಜನ ಒಂದೇ ಜಾಗಕ್ಕೆ ಬಂದು ಸೇರಬೇಕಾದ ಕಾಳಗಗಳನ್ನು ಸೇರಿಸಿತು. 2018ರಿಂದ ತಿಂಗಳಿಗೊಂದು ದಿನ ಎಲ್ಲರೂ ಪಾರ್ಕಿಗೆ ಬರುವ ಹಬ್ಬ. ಅದೇ ವರ್ಷ, ಆ್ಯಪ್ ಮುಚ್ಚಿದ್ದರೂ ಹೆಜ್ಜೆ ಎಣಿಸುವ ವ್ಯವಸ್ಥೆ ಬಂತು. ಅಲ್ಲಿಯವರೆಗೆ ಮೊಟ್ಟೆ ಮರಿಯಾಗಲು ಪರದೆ ಉರಿಯುತ್ತಲೇ ಇರಬೇಕಿತ್ತು. ಆಮೇಲೆ ಕೋವಿಡ್ ಬಂತು. ನಿಲ್ದಾಣವನ್ನು ಮುಟ್ಟಬಹುದಾದ ದೂರವನ್ನು ಕಂಪನಿ 40 ಮೀಟರಿನಿಂದ 80ಕ್ಕೆ ಏರಿಸಿತು. 2021ರ ಆಗಸ್ಟ್‌ನಲ್ಲಿ ಮತ್ತೆ 40ಕ್ಕೆ ಇಳಿಸಿದಾಗ ಆಟಗಾರರು ದಂಗೆಯೆದ್ದರು. ಜನ ನಡೆಯಬೇಕು ಎಂಬುದು ಕಂಪನಿಯ ವಾದ. ಗಾಲಿಕುರ್ಚಿಯಲ್ಲಿರುವವರು ಆ 40 ಮೀಟರ್ ಹೇಗೆ ದಾಟಬೇಕು, ರಸ್ತೆಯ ಆಚೆಬದಿಯ ನಿಲ್ದಾಣಕ್ಕಾಗಿ ವಾಹನಗಳ ನಡುವೆ ಏಕೆ ನುಗ್ಗಬೇಕು ಎಂಬುದು ಆಟಗಾರರ ಪ್ರಶ್ನೆ. ತಿಂಗಳು ಮುಗಿಯುವ ಮುಂಚೆ ಕಂಪನಿ ಸೋಲೊಪ್ಪಿ 80ನ್ನೇ ಉಳಿಸಿತು. ಆಟಗಾರರದ್ದೇ ಸರಿ ಎನ್ನಬೇಕು.

ಆಟ ನಡೆಯುವುದು ನಕಾಶೆಯ ಮೇಲಲ್ಲ, ಬೀದಿಯ ಮೇಲೆ. ಪೋಕೆಮಾನ್ ಗೋ ನಿಲ್ದಾಣಗಳು ಬಹುಪಾಲು ಬಂದದ್ದು ಕಂಪನಿಯ ಹಿಂದಿನ ಆಟ ಇಂಗ್ರೆಸ್‌ನ ಆಟಗಾರರು ಗುರುತಿಸಿದ ಜಾಗಗಳಿಂದ. ಅವರು ಎಲ್ಲಿ ವಾಸವಿದ್ದರೋ ಅಲ್ಲಿ ನಿಲ್ದಾಣ ಹೆಚ್ಚು. ಅಮೆರಿಕದ ಕಪ್ಪುಜನರ ಬಡಾವಣೆಗಳಲ್ಲಿ ಕಡಿಮೆ. ಭಾರತಕ್ಕೆ ಆಟ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರಿನಲ್ಲಿ, ರಿಲಯನ್ಸ್ ಜಿಯೋ ಜೊತೆ ಕೈಜೋಡಿಸಿ. ಹೀಗಾಗಿ ರಿಲಯನ್ಸ್ ಅಂಗಡಿಗಳೇ ನಿಲ್ದಾಣಗಳಾದವು. ಅದಕ್ಕೂ ಮೊದಲೇ ಗುಜರಾತ್ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ದೇವಸ್ಥಾನಗಳಲ್ಲಿ ಈ ಆಟದ ಮೊಟ್ಟೆಗಳು ಕಾಣಿಸಿಕೊಳ್ಳುತ್ತಿವೆ, ಇದು ಭಕ್ತರ ಭಾವನೆಗೆ ಧಕ್ಕೆ ಎಂಬುದು ಅದರ ದೂರು. ಕೋರ್ಟು ನೋಟಿಸ್ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತು ಮೊಟ್ಟೆಯನ್ನು ಆಟದ ನಡುವೆ ಇಟ್ಟವರ ತಲೆಗೆ ಇದು ಹೊಳೆದಿರಲಿಕ್ಕಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ತೊಡಕು ಇನ್ನೂ ನೆಲಮಟ್ಟದ್ದು. ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯಂಥ ಮರುರೂಪಿಸಿದ ರಸ್ತೆಗಳಲ್ಲಿ ಫೋನು ನೋಡುತ್ತಲೇ ನಡೆಯಬಹುದು. ಒಳಬಡಾವಣೆಯ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ, ನಿಲ್ಲಿಸಿದ ಬೈಕುಗಳಿರುತ್ತವೆ, ಎದ್ದುನಿಂತ ಕಲ್ಲುಚಪ್ಪಡಿಯ ಕೆಳಗೆ ಮೋರಿ ಇರುತ್ತದೆ, ರಾತ್ರಿ ಎಂಟರ ಮೇಲೆ ನಾಯಿಗಳಿರುತ್ತವೆ. ಕತ್ತಲಾದ ಮೇಲೆ ಒಬ್ಬಳೇ ಹೆಂಗಸು ಖಾಲಿ ಮೈದಾನದ ನಿಲ್ದಾಣಕ್ಕೆ ಹೋಗಲಾರಳು ಎಂಬುದು ನಕಾಶೆಯಲ್ಲಿ ಬರೆದಿರುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಅದೇ ಅಧ್ಯಯನದಲ್ಲಿ ಅಮೆರಿಕದ ನಗರಗಳನ್ನು ಹೋಲಿಸಿದಾಗ, ನಡೆಯಲು ಅನುಕೂಲವಿರುವ ಊರುಗಳಲ್ಲಿ ಜನ ಹೆಚ್ಚು ನಡೆಯುತ್ತಿದ್ದರು, ಅದರಲ್ಲೂ ಹೆಂಗಸರಿಗೆ ಅದರ ಲಾಭ ಹೆಚ್ಚಿತ್ತು. ಸರಿಯಾದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಬರುವವರೆಗೆ ಇಲ್ಲಿನ ಆಟ ಕಟ್ಟುವವರು ನಿಲ್ದಾಣಗಳನ್ನು ಹಗಲಿಗೆ ಬೇರೆ, ರಾತ್ರಿಗೆ ಬೇರೆ ಮಾಡಬೇಕಾದೀತು. ಮಹಡಿ ಹತ್ತಿಳಿದದ್ದನ್ನೂ ಅಪಾರ್ಟ್‌ಮೆಂಟ್ ಸುತ್ತ ಹೊಡೆದ ಸುತ್ತುಗಳನ್ನೂ ನಡಿಗೆಯೆಂದು ಗೌರವಿಸಬೇಕಾದೀತು.

ನಡೆದ ದಾರಿ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಜಾಗತಿಕ ನಕಾಶೆಯಲ್ಲಿ, ಮರುಭೂಮಿಯ ನಡುವೆ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳಲ್ಲಿ ಓಡುವ ಸೈನಿಕರ ದಾರಿಗಳು ಎಂದು ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಕಂಡುಹಿಡಿದ. ಭಾರತದಲ್ಲಿ 2023ರ ದತ್ತಾಂಶ ರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಟ್ಟು ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಹೆಜ್ಜೆಯ ಸಂಖ್ಯೆ ಸಾಕಾಗುವಲ್ಲಿ ದಾರಿಯ ದಾಖಲೆಯನ್ನು ಕೇಳದಿರುವುದೇ ಸುರಕ್ಷಿತ. ಸೋಮವಾರದ ಆಟಕ್ಕೆ ಜಿಪಿಎಸ್ ಬೇಕೇ ಇರಲಿಲ್ಲ.

ಆಟ ಗೆದ್ದರೂ ಅದರ ಆಯುಷ್ಯ ಆಟಗಾರರ ಕೈಯಲ್ಲಿಲ್ಲ. ನಿಯಾಂಟಿಕ್‌ನದೇ ಹ್ಯಾರಿ ಪಾಟರ್ ಆಟ 2019ರಲ್ಲಿ ಬಂದು 2022ರ ಜನವರಿಗೆ ಮುಚ್ಚಿತು. 2025ರಲ್ಲಿ ಪೋಕೆಮಾನ್ ಗೋ ಸಹಿತ ಕಂಪನಿಯ ಆಟಗಳ ವ್ಯವಹಾರ 350 ಕೋಟಿ ಡಾಲರಿಗೆ, ಸೌದಿ ಅರೇಬಿಯಾದ ಬಂಡವಾಳವಿರುವ ಸ್ಕೋಪ್ಲಿ ಕಂಪನಿಗೆ ಮಾರಾಟವಾಯಿತು. ಕೈಪಟ್ಟಿ ಮಾಡುವ ಫಿಟ್‌ಬಿಟ್‌ನಲ್ಲಿ ಗೆಳೆಯರ ನಡುವೆ ವಾರದ ಪೈಪೋಟಿ ಏರ್ಪಡಿಸುವ ಸೌಲಭ್ಯವಿತ್ತು, ಪಟೇಲ್ ತಂಡದ ಪ್ರಯೋಗದಲ್ಲಿ ಕೊನೆಯವರೆಗೆ ಬಾಳಿದ ಬಗೆಯದ್ದೇ. ಕಂಪನಿಯನ್ನು ಕೊಂಡ ಗೂಗಲ್ 2023ರ ಮಾರ್ಚ್ 27ರಂದು ಅದನ್ನು ತೆಗೆದುಹಾಕಿತು. ಆಟಗಳು ಹೆಜ್ಜೆಯ ಲೆಕ್ಕ ಪಡೆಯುತ್ತಿದ್ದ ಗೂಗಲ್ ಫಿಟ್ ಸಂಪರ್ಕವನ್ನೂ 2026ರಲ್ಲಿ ನಿಲ್ಲಿಸುವುದಾಗಿ ಅದು ಪ್ರಕಟಿಸಿದೆ. ಅದನ್ನೇ ನೆಚ್ಚಿಕೊಂಡು, ಹೊಸ ಹೆಲ್ತ್ ಕನೆಕ್ಟ್‌ಗೆ ಬದಲಾಯಿಸಿಕೊಳ್ಳದ ಹಳೆಯ ಆಟಗಳಲ್ಲಿ ಆಮೇಲೆ ಎಷ್ಟೇ ನಡೆದರೂ ಹೆಜ್ಜೆ ಏರುವುದಿಲ್ಲ.